ಸೊರ್ಬೆತ್ತೊ ಎಂಬ ಶಬ್ದದ ಸಂಚಾರ

ಇಟಲಿ ದೇಶದವರು ಊಟದ ಕೊನೆಯಲ್ಲಿಯೂ ಬೇಸಗೆಯ ಸಂಜೆಗಳಲ್ಲಿಯೂ ಸವಿಯುವ ಹಿಮಭಕ್ಷ್ಯಗಳು ಹಲವು ಬಗೆಯವು. ಅವುಗಳ ಹೆಸರುಗಳನ್ನು ಒಂದೊಂದಾಗಿ ಒರೆಗೆ ಹಚ್ಚಿ ನೋಡಿದರೆ ಬಹುಮಟ್ಟಿಗೆ ಎಲ್ಲವೂ ಆ ದೇಶದ ಮನೆಮಾತುಗಳೇ ಎಂದು ತಿಳಿದುಬರುತ್ತದೆ. ಜೆಲಾತೊ ಎಂದರೆ ಹೆಪ್ಪುಗಟ್ಟಿದುದು. ಅದರ ಮೂಲವಾದ ಜೆಲು ಎಂಬ ಲ್ಯಾಟಿನ್ ಶಬ್ದಕ್ಕೆ ಕೊರೆಯುವ ಚಳಿ ಎಂದರ್ಥ. ಗ್ರಾನೀತ ಎಂಬುದು ಕಾಳೆಂಬ ಅರ್ಥದ ಗ್ರಾನೊ ಶಬ್ದದ ಬಳಗಕ್ಕೆ ಸೇರಿದುದು. ಆ ಭಕ್ಷ್ಯವು ನುಚ್ಚಿನಂತೆ ಕಾಳುಕಾಳಾಗಿರುವುದರಿಂದ ಅದಕ್ಕೆ ಆ ಹೆಸರು. ಸ್ಪುಮೋನೆ ಎಂದರೆ ದೊಡ್ಡ ನೊರೆ. ಸೆಮಿಫ್ರೆದ್ದೊ ಎಂದರೆ ಅರೆತಣುಪು. ಇವುಗಳಲ್ಲಿ ಒಗಟು ಯಾವುದೂ ಇಲ್ಲ. ಬಾಣಸಿಗನು ಕಣ್ಣಿಗೆ ಕಂಡುದನ್ನು, ನಾಲಗೆಗೆ ತಗುಲಿದುದನ್ನು ತನ್ನ ಮಾತಿನಲ್ಲಿ ಹೇಳಿದ್ದಾನೆ, ಅಷ್ಟೇ. ಆದರೆ ಇವುಗಳ ಸಾಲಿನಲ್ಲಿಯೇ ಸರಿಸಮನಾಗಿ ಕುಳಿತಿರುವ ಸೊರ್ಬೆತ್ತೊ ಎಂಬುದು ಹಾಗಲ್ಲ. ಹಣ್ಣಿನ ರಸಕ್ಕೆ ಸಕ್ಕರೆಯನ್ನೂ ನೀರನ್ನೂ ಬೆರೆಸಿ, ಮೆತ್ತನೆಯ ಹಿಮದ ಹದಕ್ಕೆ ತಂದ ಆ ಭಕ್ಷ್ಯದ ಹೆಸರು ಇಟಲಿಯ ವೇಷವನ್ನು ತೊಟ್ಟ ಪರದೇಶಿ. ಅದರ ಒಡಹುಟ್ಟಿದ ಶಬ್ದವೊಂದು ಕನ್ನಡ ನಾಡಿನ ಮನೆಮನೆಯಲ್ಲಿಯೂ ಬಳಕೆಯಲ್ಲಿದೆ. ಬಿಸಿಲಿನಲ್ಲಿ ಬಂದ ಅತಿಥಿಗೆ ನಿಂಬೆಹಣ್ಣಿನದೋ ಲಾವಂಚದ್ದೋ ಶರಬತ್ತನ್ನು ಕೊಡುವ ಗೃಹಿಣಿಯು ಆ ಶಬ್ದವನ್ನೇ ನುಡಿಯುತ್ತಿರುವಳು.

ಶಬ್ದದ ಬೇರು ಇರುವುದು ಅರಬ್ಬಿ ಭಾಷೆಯಲ್ಲಿ. ಸಂಸ್ಕೃತದ ಧಾತುಗಳಿಂದ ಪದಗಳು ಕವಲೊಡೆಯುವಂತೆ ಅರಬ್ಬಿಯಲ್ಲಿ ಮೂರು ವ್ಯಂಜನಗಳ ಮೂಲಗಳಿಂದ ಪದಗಳು ಹೊರಡುತ್ತವೆ. ವ್ಯಂಜನಗಳು ನಿಂತಲ್ಲೇ ನಿಂತಿರಲು ಅವುಗಳ ನಡುವಿನ ಸ್ವರಗಳು ಬದಲಾದಂತೆ ಅರ್ಥವು ಬದಲಾಗುತ್ತದೆ. ಶ, ರ, ಬ ಎಂಬ ಮೂರಕ್ಷರಗಳಿಗೆ ಕುಡಿಯುವುದೆಂದರ್ಥ. ಶರಿಬ ಎಂದರೆ ಕುಡಿದನು. ಶರಾಬ್ ಎಂದರೆ ಪಾನೀಯ. ಶರ್ಬ ಎಂದರೆ ಒಂದು ಗುಟುಕು. ಈ ಕೊನೆಯ ರೂಪದ ಅಂತ್ಯದಲ್ಲಿ ಅಡಗಿರುವ ತಕಾರವನ್ನು ಪಾರಸಿಗಳೂ ತುರ್ಕರೂ ಸ್ಪಷ್ಟವಾಗಿ ಉಚ್ಚರಿಸಿದರು. ಅದರಿಂದ ಪಾರಸಿಯಲ್ಲಿ ಶರ್ಬತ್ ಎಂದೂ ತುರ್ಕಿಯಲ್ಲಿ ಶೆರ್ಬೆತ್ ಎಂದೂ ಆಯಿತು. ಒಂದೇ ಮೂಲದ ಈ ಎರಡು ಪದಗಳ ಬಾಳು ಮುಂದೆ ಬೇರೆಬೇರೆ ದಾರಿ ಹಿಡಿದುದು ವಿನೋದಕರವಾಗಿದೆ. ಶರಾಬು ಎಂಬುದು ಪಾರಸಿಯಲ್ಲಿಯೂ ಹಿಂದೂಸ್ತಾನಿಯಲ್ಲಿಯೂ ಮದ್ಯವಾಗಿ ಕೆಟ್ಟ ಹೆಸರು ಪಡೆಯಿತು. ಶರಬತ್ತು ಮಕ್ಕಳೂ ಮುತ್ತೈದೆಯರೂ ಕುಡಿಯುವ ನಿರ್ದೋಷವಾದ ಸವಿನೀರಾಗಿ ಉಳಿಯಿತು. ಸಂಸ್ಕೃತದಲ್ಲಿಯೂ ಇದೇ ಕಥೆ ನಡೆದಿದೆ. ಪಾನವೆಂದೊಡನೆ ಪಾನಗೋಷ್ಠಿ, ಪಾನಮತ್ತ ಎಂಬ ಮಾತುಗಳು ಬೆನ್ನಟ್ಟಿ ಬರುತ್ತವೆ. ಅದಕ್ಕೆ ಒಂದು ಕಕಾರ ಹತ್ತಿದ ಪಾನಕವಾದರೋ ರಾಮನವಮಿಯ ದಿನ ದೇವರಿಗೆ ನೈವೇದ್ಯವಾಗುತ್ತದೆ. ಆ ಪಾ ಧಾತುವಿನ ದೂರದ ನಂಟಿನದೇ ಆದ ಲ್ಯಾಟಿನಿನ ಪೋತಿಯೊ ಎಂಬ ಪದದಿಂದ ಫ್ರೆಂಚರಲ್ಲಿ ಔಷಧದ ಕಷಾಯಕ್ಕೂ ಹೆಸರು ಹುಟ್ಟಿತು, ವಿಷಕ್ಕೂ ಹೆಸರು ಹುಟ್ಟಿತು. ಕುಡಿಯುವ ಪದಗಳಿಗೆ ಇಂಥ ಇಬ್ಬಗೆಯ ಯೋಗವು ಎಲ್ಲೆಲ್ಲಿಯೂ ಇದ್ದಂತೆ ತೋರುತ್ತದೆ.

ಇಟಲಿಗೆ ಈ ಅರಬ್ಬಿ ಮೂಲವು ಬಂದುದು ಒಂದು ಸಲವಲ್ಲ, ಎರಡು ಸಲ. ಇದನ್ನು ಗಮನಿಸದೆ ಹೋದುದರಿಂದಲೇ ಅನೇಕರು ಸೊರ್ಬೆತ್ತೊವಿನ ವಿಷಯದಲ್ಲಿ ದಾರಿ ತಪ್ಪಿದ್ದಾರೆ. ಮೊದಲನೆಯ ಸಲ ಅದು ಬಂದುದು ವೈದ್ಯರ ಚೀಲದಲ್ಲಿ. ಹನ್ನೊಂದನೆಯ ಶತಮಾನದಲ್ಲಿ ಆಫ್ರಿಕದ ಕಾನ್ಸ್ಟಂಟೈನನೆಂಬ ಸಂನ್ಯಾಸಿಯು ಅರಬ್ಬಿಯ ವೈದ್ಯಗ್ರಂಥಗಳನ್ನು ಲ್ಯಾಟಿನಿಗೆ ತಿರುಗಿಸಲು, ಸಲೆರ್ನೊ ಪಟ್ಟಣದ ವೈದ್ಯಶಾಲೆಯು ಆ ವಿದ್ಯೆಯಿಂದ ಹೆಸರುವಾಸಿಯಾಯಿತು. ಮೂಲಿಕೆಗಳ ರಸವನ್ನು ಸಕ್ಕರೆಯ ಪಾಕದಲ್ಲಿ ಕೂಡಿಸಿ ಮಾಡುವ ಲೇಹ್ಯಪೇಯಗಳಿಗೆ ಅರಬ್ಬರು ಶರಾಬೆಂದೇ ಕರೆಯುತ್ತಿದ್ದರು. ಅದು ಲ್ಯಾಟಿನಿನಲ್ಲಿ ಸಿರೂಪುಸ್ ಆಯಿತು, ಇಟಲಿಯ ಮಾತಿನಲ್ಲಿ ಶಿರೊಪ್ಪೊ ಆಯಿತು, ಆಂಗ್ಲರಲ್ಲಿ ಸಿರಪ್ ಆಯಿತು. ಇಂದಿಗೂ ಕೆಮ್ಮಿನ ಮದ್ದಿನ ಸೀಸೆಯ ಮೇಲೆ ಆ ಮಾತು ನಿಂತಿದೆ. ಅದರ ಜೊತೆಯಲ್ಲಿಯೇ ಸಕ್ಕರೆಯೂ ಹೋಯಿತು. ಸಂಸ್ಕೃತದಲ್ಲಿ ಶರ್ಕರಾ ಎಂದರೆ ಮೊದಲು ನೊರಜುಗಲ್ಲು, ಹರಳುಮರಳು. ಕಬ್ಬಿನ ರಸವು ಮರಳಿನಂತೆ ಹರಳುಗಟ್ಟುವುದರಿಂದ ಅದಕ್ಕೂ ಆ ಹೆಸರು ಬಂದಿತು. ಪ್ರಾಕೃತದ ಸಕ್ಕರಾ ಪಾರಸಿಯಲ್ಲಿ ಶಕರ್ ಆಗಿ, ಅರಬ್ಬಿಯಲ್ಲಿ ಸುಕ್ಕರ್ ಆಗಿ, ಇಟಲಿಯಲ್ಲಿ ಝುಕ್ಕೆರೊ ಆಯಿತು. ಖಂಡವೆಂಬ ಪದವೂ ಕಂದ್ ಆಗಿ ಅದೇ ದಾರಿಯಲ್ಲಿ ನಡೆಯಿತು. ಶರ್ಕರೆಗೂ ಶರಬತ್ತಿಗೂ ಆರಂಭದ ಎರಡಕ್ಷರಗಳು ಒಂದೇ ಆಗಿರುವುದನ್ನು ಕಂಡು ಇವೆರಡಕ್ಕೂ ನಂಟು ಕಟ್ಟುವವರುಂಟು. ಆ ನಂಟು ಬಟ್ಟಲಿನಲ್ಲಿ ಮಾತ್ರ, ವ್ಯಾಕರಣದಲ್ಲಿ ಇಲ್ಲ.

ಎರಡನೆಯ ಸಲ ಅದೇ ಮೂಲವು ಇಟಲಿಗೆ ಬಂದುದು ಐನೂರು ವರ್ಷಗಳ ತರುವಾಯ, ಅರಬ್ಬರ ಕೈಯಿಂದಲ್ಲ, ತುರ್ಕರ ಕೈಯಿಂದ. ೧೪೫೩ರಲ್ಲಿ ಕಾನ್ಸ್ಟಾಂಟಿನೋಪಲ್ ನಗರವು ತುರ್ಕರ ವಶವಾದ ಮೇಲೆ ವೆನಿಸಿನ ವರ್ತಕರೂ ರಾಯಭಾರಿಗಳೂ ಯೂರೋಪಿನ ನಾನಾ ದೇಶಗಳ ಯಾತ್ರಿಕರೂ ಆ ಪಟ್ಟಣದ ಬೀದಿಗಳಲ್ಲಿ ಒಂದು ಹೊಸ ಸಂಗತಿಯನ್ನು ಕಂಡರು. ಮದ್ಯವು ಧರ್ಮನಿಷಿದ್ಧವಾದ ಆ ಸಮಾಜದಲ್ಲಿ ಮರ್ಯಾದಸ್ಥರು ಒಬ್ಬರನ್ನೊಬ್ಬರು ಉಪಚರಿಸುತ್ತಿದ್ದುದು ಶೆರ್ಬೆತ್ತಿನಿಂದ. ೧೫೪೬ರಿಂದ ೧೫೪೯ರ ವರೆಗೆ ಪೂರ್ವದೇಶಗಳಲ್ಲಿ ಸಂಚರಿಸಿದ ಪಿಯೆರ್ ಬೆಲೋನ್ ಎಂಬ ಫ್ರೆಂಚ್ ವಿದ್ವಾಂಸನು ೧೫೫೩ರಲ್ಲಿ ಪ್ರಕಟಿಸಿದ ತನ್ನ ಪ್ರವಾಸಗ್ರಂಥದಲ್ಲಿ ಇದನ್ನು ಸಾವಧಾನವಾಗಿ ಬಣ್ಣಿಸಿದ್ದಾನೆ. ಅಂಜೂರ, ಪ್ಲಮ್, ಪೇರು, ಜರ್ದಾಳು, ದ್ರಾಕ್ಷಿ, ಜೇನು ಇವುಗಳಿಂದ ಮಾಡಿದ ಬಗೆಬಗೆಯ ಶೆರ್ಬೆತ್ತುಗಳನ್ನು ಮಾರುವವರನ್ನೂ, ಬೇಸಗೆಯಲ್ಲಿ ಅದಕ್ಕೆ ಹಿಮವನ್ನೋ ಮಂಜುಗಡ್ಡೆಯನ್ನೋ ಹಾಕಿ ತಣ್ಣಗೆ ಮಾಡಿಕೊಡುವುದನ್ನೂ ಅವನು ಕಂಡಿದ್ದನು. ಆ ಹಿಮವು ಬುರ್ಸಾ ಪಟ್ಟಣದ ಮೇಲಣ ಉಲುದಾಗ್ ಪರ್ವತದಿಂದ ರಾಜಧಾನಿಗೆ ಬರುತ್ತಿತ್ತು. ಇಲ್ಲಿ ಒಂದು ಸೂಕ್ಷ್ಮವನ್ನು ಮರೆಯಬಾರದು. ತುರ್ಕರ ಶೆರ್ಬೆತ್ತು ಹಿಮವನ್ನು ಹಾಕಿದ ಪಾನೀಯವೇ ಹೊರತು ತಾನೇ ಹಿಮವಾದ ಭಕ್ಷ್ಯವಲ್ಲ. ಅದನ್ನು ಬಟ್ಟಲೆತ್ತಿ ಕುಡಿಯುತ್ತಿದ್ದರು.

ಇಟಲಿಯವರ ಬಾಯಲ್ಲಿ ಶೆರ್ಬೆತ್ ಎಂಬುದು ಸೊರ್ಬೆತ್ತೊ ಆದ ಬಗೆಯೇ ಈ ಕಥೆಯ ರಸವತ್ತಾದ ಭಾಗ. ಪದದ ಕೊನೆಯನ್ನು ಮೊದಲು ನೋಡಬೇಕು. ಇಟಲಿಯ ನುಡಿಯು ಕನ್ನಡದಂತೆ ಸ್ವರಾಂತಪ್ರಿಯವಾದುದು. ವ್ಯಂಜನದಲ್ಲಿ ಕೊನೆಗೊಂಡ ಪದವನ್ನು ಅದರ ಕಿವಿ ಒಪ್ಪುವುದಿಲ್ಲ. ಕನ್ನಡಿಗನು ಇಂಥ ಪದಕ್ಕೆ ಏನು ಮಾಡುವನೆಂಬುದು ಎಲ್ಲರಿಗೂ ಗೊತ್ತು. ಸಂಪತ್ ಎಂಬುದನ್ನು ಸಂಪತ್ತು ಎನ್ನುವನು. ಜಗತ್ ಎಂಬುದನ್ನು ಜಗತ್ತು ಎನ್ನುವನು. ಪಾರಸಿಯಿಂದ ಬಂದ ದೌಲತ್, ತಾಕತ್, ಕಸರತ್ ಎಂಬವು ದೌಲತ್ತು, ತಾಕತ್ತು, ಕಸರತ್ತು ಆದವು. ಹಾಗೆಯೇ ಶರ್ಬತ್ ಎಂಬುದು ಶರಬತ್ತು ಆಯಿತು. ಇಟಲಿಯವನೂ ಅಕ್ಷರಶಃ ಅದನ್ನೇ ಮಾಡಿದನು. ತಕಾರವನ್ನು ಇಮ್ಮಡಿಸಿ ಕೊನೆಗೊಂದು ಸ್ವರವನ್ನಿಟ್ಟನು. ಕನ್ನಡಿಗನ ಉಕಾರಕ್ಕೆ ಬದಲಾಗಿ ಅವನ ಓಕಾರ. ಒಬ್ಬರನ್ನೊಬ್ಬರು ಕಾಣದ, ಸಾವಿರಾರು ಹರಿದಾರಿ ದೂರದಲ್ಲಿರುವ ಎರಡು ಜನಾಂಗಗಳು ಒಂದೇ ಅತಿಥಿಗೆ ಒಂದೇ ಬಗೆಯ ಅಂಗಿಯನ್ನು ಹೊಲಿದು ತೊಡಿಸಿದುದು ಭಾಷಾಶಾಸ್ತ್ರದ ಅಭ್ಯಾಸಿಗಳಿಗೆ ಸಂತೋಷವನ್ನುಂಟುಮಾಡುವ ಸಂಗತಿ.

ಆದರೆ ಇಟಲಿಯವನು ಅಷ್ಟಕ್ಕೇ ನಿಲ್ಲಲಿಲ್ಲ. ಅವನ ಭಾಷೆಯಲ್ಲಿ ಎತ್ತೊ ಎಂಬುದು ಚಿಕ್ಕದೆಂಬ ಅರ್ಥವನ್ನು ಕೊಡುವ ಮುದ್ದಿನ ಪ್ರತ್ಯಯ. ಹೊರಗಿನಿಂದ ಬಂದ ಪದದ ಬಾಲವು ತಾನಾಗಿಯೇ ಆ ಪ್ರತ್ಯಯದ ಆಕಾರವನ್ನು ತಳೆದಾಗ, ಅದರ ತಲೆಗೂ ಮನೆಯಲ್ಲಿಯೇ ಒಂದು ಅರ್ಥವನ್ನು ಹುಡುಕುವ ಆಸೆ ಹುಟ್ಟಿತು. ಸೊರ್ಬೀರೆ ಎಂಬ ಹಳೆಯ ಕ್ರಿಯಾಪದವೊಂದು ಸಿದ್ಧವಾಗಿಯೇ ಇದ್ದಿತು. ಲ್ಯಾಟಿನಿನ ಸೊರ್ಬೇರೆ ಎಂಬುದರಿಂದ ಬಂದ ಅದಕ್ಕೆ ಹೀರು, ಗುಟುಕರಿಸು ಎಂದರ್ಥ. ಶೆ ಎಂಬುದು ಸೊ ಆದುದು ಅದರ ಸೆಳೆತದಿಂದ. ಹೀಗೆ ತುರ್ಕರ ಪದವು ಕೇಳುವ ಕಿವಿಗೆ ಪುಟ್ಟ ಗುಟುಕು ಎಂಬಂತೆ ಧ್ವನಿಸತೊಡಗಿತು. ಪಾಮರರು ಪರಭಾಷೆಯ ಪದವನ್ನು ತಮಗೆ ತಿಳಿದ ಪದಗಳ ಅಚ್ಚಿನಲ್ಲಿ ಹಾಕಿ ಹೊಸದಾಗಿ ಎರಕ ಹೊಯ್ಯುವುದು ಎಲ್ಲ ದೇಶಗಳಲ್ಲಿಯೂ ಉಂಟು. ಇಲ್ಲಿ ವಿಶೇಷವೇನೆಂದರೆ ಆ ಜಾನಪದ ನಿರುಕ್ತಿಯು ಮೂಲಾರ್ಥಕ್ಕೆ ವಿರೋಧವಾಗಲಿಲ್ಲ. ಅರಬ್ಬಿಯಲ್ಲಿ ಗುಟುಕು ಎಂದಿದ್ದುದು ಇಟಲಿಯಲ್ಲಿಯೂ ಗುಟುಕೇ ಆಯಿತು. ಕುರುಡನು ಬಾಣ ಬಿಟ್ಟರೂ ಗುರಿ ತಗುಲಿತು.

ಈ ಹೊಂದಿಕೆಯಿಂದಲೇ ಮುಂದೆ ವಾದಗಳು ಎದ್ದವು. ಲ್ಯಾಟಿನಿನ ಅಭಿಮಾನಿಗಳು ಸೊರ್ಬೆತ್ತೊ ನೇರವಾಗಿ ಸೊರ್ಬೇರೆ ಎಂಬುದರಿಂದಲೇ ಹುಟ್ಟಿತೆಂದೂ ತುರ್ಕರ ಹಂಗು ಅದಕ್ಕಿಲ್ಲವೆಂದೂ ಹೇಳಿದರು. ಆದರೆ ಎತ್ತೊ ಪ್ರತ್ಯಯವು ಸಾಮಾನ್ಯವಾಗಿ ನಾಮಪದಗಳಿಗೆ ಹತ್ತುವುದೇ ಹೊರತು ಧಾತುಗಳಿಗೆ ಹತ್ತುವುದಲ್ಲ. ಅದೂ ಅಲ್ಲದೆ ಹದಿನಾರನೆಯ ಶತಮಾನಕ್ಕೆ ಮೊದಲು ಈ ಪದವು ಇಟಲಿಯ ಬರಹಗಳಲ್ಲಿ ಕಾಣುವುದಿಲ್ಲ. ಮೊದಲು ಕಂಡಾಗಲೂ ತುರ್ಕರ ಪಾನೀಯದ ಹೆಸರಾಗಿಯೇ ಕಾಣುತ್ತದೆ. ಮನೆಯಲ್ಲಿ ಹುಟ್ಟಿದ ಮಗುವನ್ನು ಪರದೇಶಿಯೆಂದು ಪರಿಚಯ ಮಾಡಿಕೊಡುವವರು ಯಾರು?

ಇನ್ನೊಂದು ವಾದವು ಸಿಸಿಲಿಯವರದು. ೮೨೭ರಲ್ಲಿ ಅರಬ್ಬರು ಆ ದ್ವೀಪದ ಮಾತ್ಸಾರದಲ್ಲಿ ಇಳಿದು, ೯೦೨ರಲ್ಲಿ ತಾವೊರ್ಮಿನವನ್ನು ಹಿಡಿದು, ೧೦೯೧ರ ಹೊತ್ತಿಗೆ ನಾರ್ಮನ್ನರಿಗೆ ಎಲ್ಲವನ್ನೂ ಕಳೆದುಕೊಳ್ಳುವವರೆಗೆ ಅಲ್ಲಿ ಆಳಿದರು. ಕಬ್ಬನ್ನೂ ನಿಂಬೆಯನ್ನೂ ಅವರು ಅಲ್ಲಿ ಬೆಳೆಸಿದರು. ಏಟ್ನಾ ಪರ್ವತದ ಮೇಲೆ ಹಿಮವು ಧಾರಾಳವಾಗಿ ಉಂಟು. ನಿಂಬೆ, ಸಕ್ಕರೆ, ಹಿಮ, ಶರ್ಬತ್ ಎಂಬ ಪದ, ಈ ನಾಲ್ಕೂ ಒಂದೆಡೆ ಸೇರಿದ ಮೇಲೆ ಸೊರ್ಬೆತ್ತೊ ಅಲ್ಲಿಯೇ ಹುಟ್ಟಿರಲೇಬೇಕೆಂದು ಅವರ ತರ್ಕ. ತರ್ಕವು ಮನೋಹರವಾಗಿದೆ, ಆದರೆ ಸಾಕ್ಷಿ ಇಲ್ಲ. ಅರಬ್ಬಿಯಿಂದ ನೇರವಾಗಿ ಬಂದ ಶಿರೊಪ್ಪೊದಲ್ಲಿ ಶಕಾರವು ಇಂದಿಗೂ ಉಳಿದಿದೆ. ಸೊರ್ಬೆತ್ತೊದಲ್ಲಿ ಅದು ಇಲ್ಲ. ಅರಬ್ಬರು ಹೋದ ಮೇಲೆ ನಾನೂರೈವತ್ತು ವರ್ಷ ಯಾವ ಬರಹದಲ್ಲಿಯೂ ತಲೆದೋರದೆ, ತುರ್ಕರ ಸಂಪರ್ಕ ಬಲವಾದ ಕಾಲದಲ್ಲಿಯೇ ಆ ಪದವು ಎದ್ದು ಬಂದುದಕ್ಕೆ ಕಾರಣ ಹೇಳಬೇಕಾಗುತ್ತದೆ. ವಸ್ತುವಿನ ಚರಿತ್ರೆ ಬೇರೆ, ಹೆಸರಿನ ಚರಿತ್ರೆ ಬೇರೆ. ಹಿಮದೊಡನೆ ಹಣ್ಣಿನ ರಸವನ್ನು ಕಲಸಿ ತಿನ್ನಲು ಯಾವ ಹಳ್ಳಿಗನಿಗೂ ಗುರು ಬೇಕಿಲ್ಲ.

ಹಿಮದ ಚಟವಂತೂ ಇಟಲಿಯಲ್ಲಿ ಬಹು ಹಳೆಯದು. ರೋಮಿನ ಸಿರಿವಂತರು ಬೇಸಗೆಯಲ್ಲಿ ಹಿಮವನ್ನು ಕೊಂಡು ಕುಡಿಯುವುದನ್ನು ಸೆನೆಕನು ಕಟುವಾಗಿ ಖಂಡಿಸಿದ್ದಾನೆ. ನೀರನ್ನು ಮೊದಲು ಕುದಿಸಿ ಆಮೇಲೆ ಗಾಜಿನ ಪಾತ್ರೆಯಲ್ಲಿ ತುಂಬಿ ಹಿಮದಲ್ಲಿ ಹುಗಿದು ತಣಿಸುವ ಕ್ರಮವನ್ನು ನೀರೋ ಚಕ್ರವರ್ತಿಯು ಕಂಡುಹಿಡಿದನೆಂದು ಪ್ಲಿನಿಯು ಬರೆದಿದ್ದಾನೆ. ಆ ಕ್ರೂರನ ಹೆಸರಿನಲ್ಲಿ ಹೇಳಿಕೊಳ್ಳಬಹುದಾದ ಒಂದು ಒಳ್ಳೆಯ ಕೆಲಸ ಅದಾಗಿದ್ದರೂ ಆಗಿರಬಹುದು. ಇವೆಲ್ಲವೂ ತಣಿಸುವ ವಿದ್ಯೆ, ಹೆಪ್ಪುಗಟ್ಟಿಸುವ ವಿದ್ಯೆಯಲ್ಲ. ಪಾನೀಯವಾಗಿದ್ದ ಸೊರ್ಬೆತ್ತೊ ಭಕ್ಷ್ಯವಾಗಬೇಕಾದರೆ ಆ ಎರಡನೆಯ ವಿದ್ಯೆ ಬೇಕಾಗಿದ್ದಿತು.

ಆ ವಿದ್ಯೆಯ ಗುಟ್ಟು ಉಪ್ಪಿನಲ್ಲಿದೆ. ಬರಿಯ ಹಿಮದ ನಡುವೆ ಹಣ್ಣಿನ ರಸದ ಪಾತ್ರೆಯನ್ನು ಎಷ್ಟು ಹೊತ್ತು ಇಟ್ಟರೂ ಅದು ತಣ್ಣಗಾಗುವುದೇ ಹೊರತು ಹೆಪ್ಪುಗಟ್ಟುವುದಿಲ್ಲ. ಸಕ್ಕರೆ ಬೆರೆತ ನೀರು ಶೂನ್ಯಾಂಶದಲ್ಲಿ ಗಡ್ಡೆಯಾಗದು. ಅದಕ್ಕಿಂತಲೂ ಕೆಳಗಿನ ಚಳಿಯು ಬೇಕು. ಹಿಮಕ್ಕೆ ಉಪ್ಪನ್ನು ಬೆರೆಸಿದರೆ ಹಿಮವು ಕರಗತೊಡಗುತ್ತದೆ. ಕರಗುವುದಕ್ಕೆ ಬೇಕಾದ ಶಾಖವನ್ನು ಸುತ್ತಮುತ್ತಲಿನಿಂದ ಕಸಿದುಕೊಳ್ಳುತ್ತದೆ. ಅದರಿಂದ ಆ ಮಿಶ್ರಣವು ಸೆಂಟಿಗ್ರೇಡ್ ಮಾನದಲ್ಲಿ ಶೂನ್ಯಕ್ಕಿಂತ ೨೧ ಅಂಶಗಳಷ್ಟು ಕೆಳಗೆ ಇಳಿಯಬಲ್ಲದು. ಮೂರು ಪಾಲು ಹಿಮಕ್ಕೆ ಒಂದು ಪಾಲು ಉಪ್ಪು ಸರಿಯಾದ ಅಳತೆ. ಪಾತ್ರೆಯೊಳಗಿನ ರಸವನ್ನು ಕಲಕುತ್ತಿದ್ದರೆ ಹರಳುಗಳು ದೊಡ್ಡವಾಗದೆ ನಯವಾಗಿ ಬರುತ್ತವೆ. ಕಲಕದೆ ಬಿಟ್ಟರೆ ಕಲ್ಲಿನಂಥ ಗಡ್ಡೆಯಾಗುತ್ತದೆ. ಈ ಗುಟ್ಟಿನ ಪೂರ್ವರೂಪವು ಪೂರ್ವದೇಶಗಳಲ್ಲಿ ತಿಳಿದಿದ್ದಿತು. ಹದಿಮೂರನೆಯ ಶತಮಾನದ ಇಬ್ನ್ ಅಬೀ ಉಸೈಬಿಅ ಎಂಬ ಅರಬ್ಬಿ ವೈದ್ಯಚರಿತ್ರಕಾರನು ಪೆಟ್ಲುಪ್ಪಿನ ಸಹಾಯದಿಂದ ನೀರನ್ನು ಹೆಪ್ಪುಗಟ್ಟಿಸುವ ಕ್ರಮವೊಂದನ್ನು ಹಳೆಯ ಲೇಖಕನೊಬ್ಬನಿಂದ ಎತ್ತಿಕೊಂಡು ಬರೆದಿದ್ದಾನೆ. ಭರತಖಂಡದಲ್ಲಿ ಅಬುಲ್ ಫಜಲನು ಐನೆ ಅಕ್ಬರಿಯಲ್ಲಿ, ಮದ್ದಿನಲ್ಲಿ ಬೆಂಕಿಯನ್ನು ಕಾರುವ ಪೆಟ್ಲುಪ್ಪಿನಿಂದಲೇ ಬಾದಶಹನು ಕುಡಿಯುವ ನೀರನ್ನು ತಣಿಸುವರೆಂದು ಆಶ್ಚರ್ಯದಿಂದ ಹೇಳಿದ್ದಾನೆ. ೧೫೮೬ರಲ್ಲಿ ಆಸ್ಥಾನವು ಪಂಜಾಬಕ್ಕೆ ಹೋದಂದಿನಿಂದ ಉತ್ತರದ ಪರ್ವತಗಳ ಹಿಮವು ಲಾಹೋರಿಗೆ ಬರತೊಡಗಿದುದನ್ನೂ ಅವನೇ ದಾಖಲೆ ಮಾಡಿದ್ದಾನೆ.

ಇಟಲಿಯಲ್ಲಿ ೧೫೫೦ರಲ್ಲಿ ರೋಮಿನಲ್ಲಿದ್ದ ವಿಲ್ಲಾಫ್ರಾಂಕ ಎಂಬ ಸ್ಪಾನಿಷ್ ವೈದ್ಯನು ಪೆಟ್ಲುಪ್ಪಿನಿಂದ ಮದ್ಯವನ್ನೂ ನೀರನ್ನೂ ತಣಿಸುವ ವಿಷಯವಾಗಿ ಒಂದು ಚಿಕ್ಕ ಗ್ರಂಥವನ್ನೇ ಅಚ್ಚು ಹಾಕಿಸಿದನು. ನೇಪಲ್ಸಿನ ಜಾಂಬತ್ತೀಸ್ತ ದೆಲ್ಲ ಪೋರ್ತನು ೧೫೮೯ರಲ್ಲಿ ಇಪ್ಪತ್ತು ಅಧ್ಯಾಯಗಳಾಗಿ ಬೆಳೆಸಿ ಪ್ರಕಟಿಸಿದ ಪ್ರಕೃತಿಮಾಯಾಗ್ರಂಥದಲ್ಲಿ ಇನ್ನೊಂದು ಹೆಜ್ಜೆ ಮುಂದಕ್ಕೆ ಹೋಗಿ, ಮದ್ಯ ತುಂಬಿದ ಗಾಜಿನ ಪಾತ್ರೆಯನ್ನು ಹಿಮ ಮತ್ತು ಪೆಟ್ಲುಪ್ಪಿನ ನಡುವೆ ತಿರುಗಿಸುತ್ತಿದ್ದರೆ ಮದ್ಯವು ಹೆಪ್ಪುಗಟ್ಟುವುದೆಂದು ತಿಳಿಸಿದನು. ಅವನಿಗೆ ಅದು ಔತಣದಲ್ಲಿ ಅತಿಥಿಗಳನ್ನು ಬೆರಗುಗೊಳಿಸುವ ಇಂದ್ರಜಾಲವಾಗಿದ್ದಿತು. ಮುಂದಿನ ಕಾಲದ ಅಡುಗೆಯವರು ಪೆಟ್ಲುಪ್ಪನ್ನು ಬಿಟ್ಟು, ಅದಕ್ಕಿಂತ ಅಗ್ಗವೂ ಪ್ರಬಲವೂ ಆದ ಅಡುಗೆಯ ಉಪ್ಪನ್ನೇ ಹಿಡಿದರು. ಪಂಡಿತನ ವಿನೋದವು ಹೀಗೆ ಪರಿಚಾರಕರ ವೃತ್ತಿಯಾಯಿತು.

ಆ ವೃತ್ತಿಯು ಬಲಿತುದು ನೇಪಲ್ಸ್ ನಗರದಲ್ಲಿ. ಅದಕ್ಕೆ ಉತ್ತಮ ಸಾಕ್ಷಿ ಅಂತೋನಿಯೊ ಲಾತೀನಿಯ ಗ್ರಂಥ. ೧೬೪೨ರಲ್ಲಿ ಹುಟ್ಟಿ, ಎಳವೆಯಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು, ಸೇವಕವೃತ್ತಿಯಿಂದ ಮೇಲೆ ಬಂದ ಈ ಪುರುಷನು ನೇಪಲ್ಸಿನಲ್ಲಿ ಸ್ಪಾನಿಷ್ ಅಧಿಕಾರಿಯೊಬ್ಬನ ಮನೆಯ ಪಾಕಶಾಲೆಗೂ ಪಂಕ್ತಿಗೂ ಮೇಲ್ವಿಚಾರಕನಾಗಿದ್ದನು. ಅವನ ಎರಡು ಸಂಪುಟಗಳು ೧೬೯೨ ಮತ್ತು ೧೬೯೪ರಲ್ಲಿ ಅಚ್ಚಾದವು. ನೇಪಲ್ಸಿನವರು ಸೊರ್ಬೆತ್ತೊ ಮಾಡುವ ಕೌಶಲವನ್ನು ಹುಟ್ಟುತ್ತಲೇ ಪಡೆದುಬಂದಂತಿದೆ ಎಂದು ಅವನು ಮೆಚ್ಚಿ ಬರೆಯುತ್ತಾನೆ. ನಿಂಬೆ, ಸ್ಟ್ರಾಬೆರಿ, ಹುಳಿಚೆರಿ, ದಾಲ್ಚಿನ್ನಿ, ಚಾಕೊಲೇಟು ಇವುಗಳ ಸೊರ್ಬೆತ್ತೊಗಳನ್ನು ಹೇಳಿ, ಹಾಲನ್ನು ಮೊದಲು ಕಾಯಿಸಿ ಸಕ್ಕರೆಯಲ್ಲಿ ಪಾಕಗೊಳಿಸಿದ ಮಾದಲದ ತುಂಡುಗಳನ್ನೋ ಕುಂಬಳದ ತುಂಡುಗಳನ್ನೋ ಹಾಕಿದ ಹಾಲಿನ ಸೊರ್ಬೆತ್ತೊವನ್ನೂ ಹೇಳುತ್ತಾನೆ. ಆ ಊರಿನ ಸೊರ್ಬೆತ್ತೊ ಸಕ್ಕರೆಯೂ ಹಿಮವೂ ಕೂಡಿದಂಥ ಹದದಲ್ಲಿರುವುದೆಂಬ ಅವನ ಮಾತನ್ನು ಗಮನಿಸಬೇಕು. ಬಟ್ಟಲೆತ್ತಿ ಕುಡಿಯುವುದು ಹೋಗಿ ಚಮಚ ಬಂದಿದೆ. ಪದವು ಮಾತ್ರ ಅದೇ.

ಆದರೆ ಇಟಲಿಯೆಲ್ಲವೂ ಒಮ್ಮೆಗೇ ಈ ಹೊಸ ಅರ್ಥಕ್ಕೆ ತಿರುಗಿತೆಂದು ತಿಳಿಯಬಾರದು. ಫ್ಲಾರೆನ್ಸಿನ ವೈದ್ಯನೂ ಕವಿಯೂ ಆದ ಫ್ರಾಂಚೆಸ್ಕೊ ರೇದಿಯು ೧೬೮೫ರಲ್ಲಿ ಪ್ರಕಟಿಸಿದ ಮದ್ಯಸ್ತುತಿಯ ಕಾವ್ಯದಲ್ಲಿ ಸೊರ್ಬೆತ್ತೊವನ್ನು ಸುಗಂಧದ ನೀರುಗಳ ಜೊತೆಗೆ ಸೇರಿಸಿ, ನಾಜೂಕಿನ ಜನರ ಪಾನೀಯವೆಂದು ಹಂಗಿಸುತ್ತಾನೆ. ಹತ್ತು ವರ್ಷಗಳೊಳಗೆ, ಒಂದೇ ದೇಶದ ಎರಡು ನಗರಗಳಲ್ಲಿ, ಒಬ್ಬನ ಸೊರ್ಬೆತ್ತೊ ಕುಡಿಯುವುದು, ಇನ್ನೊಬ್ಬನದು ತಿನ್ನುವುದು. ಶಬ್ದಗಳ ಅರ್ಥವು ಬದಲಾಗುವುದು ಹಗಲು ಕಳೆದು ಇರುಳಾಗುವಂತೆ. ಸಂಜೆಯ ಹೊತ್ತಿನಲ್ಲಿ ಎರಡೂ ಇರುತ್ತವೆ.

ಹದಿನೆಂಟನೆಯ ಶತಮಾನದಲ್ಲಿ ಹಿಮದ ಅರ್ಥವೇ ನಿಂತಿತು. ೧೭೭೫ರಲ್ಲಿ ನೇಪಲ್ಸಿನ ವೈದ್ಯನಾದ ಫಿಲಿಪ್ಪೊ ಬಾಲ್ದೀನಿಯು ಸೊರ್ಬೆತ್ತೊಗಳ ವಿಷಯವಾಗಿಯೇ ಒಂದು ಗ್ರಂಥವನ್ನು ಬರೆದನು. ಹುಳಿಹಣ್ಣಿನವು, ಸುಗಂಧದ್ರವ್ಯಗಳವು, ಹಾಲಿನವು ಎಂದು ಅವುಗಳನ್ನು ಮೂರಾಗಿ ವಿಂಗಡಿಸಿ, ಯಾವ ವ್ಯಾಧಿಗೆ ಯಾವುದು ಪಥ್ಯವೆಂದು ವಿವರಿಸಿದನು. ತಣ್ಣನೆಯದು ದೇಹಕ್ಕೆ ಕೆಡುಕೆಂದು ಹಿಂದಿನ ವೈದ್ಯರು ಹೇಳುತ್ತಿದ್ದುದನ್ನು ಮನಸ್ಸಿನಲ್ಲಿಟ್ಟು ಓದಿದರೆ, ಅದು ಒಂದು ಬಗೆಯ ನ್ಯಾಯವಾದಿಯ ಗ್ರಂಥವೆಂದು ತೋರುತ್ತದೆ. ಹಾಲಿನ ಬಗೆಯೂ ಅಲ್ಲಿ ಸೊರ್ಬೆತ್ತೊವೇ ಎಂಬುದು ನೆನಪಿನಲ್ಲಿರಬೇಕು. ಹಾಲಿನದಕ್ಕೆ ಜೆಲಾತೊ ಎಂದೂ ನೀರಿನದಕ್ಕೆ ಸೊರ್ಬೆತ್ತೊ ಎಂದೂ ಇಂದು ಮಾಡುವ ಭೇದವು ಆಮೇಲಿನದು.

ಇಷ್ಟು ಹಿಮವು ಎಲ್ಲಿಂದ ಬರುತ್ತಿದ್ದಿತು? ೧೭೭೦ರಲ್ಲಿ ಸಿಸಿಲಿಯಲ್ಲಿ ಸಂಚರಿಸಿದ ಪ್ಯಾಟ್ರಿಕ್ ಬ್ರೈಡನ್ ಎಂಬ ಸ್ಕಾಟಿಷ್ ಯಾತ್ರಿಕನು ಏಟ್ನಾದ ಹಿಮವು ಆ ದ್ವೀಪಕ್ಕೆಲ್ಲ ಮಾತ್ರವಲ್ಲದೆ ಮಾಲ್ಟಾಕ್ಕೂ ಇಟಲಿಯ ಬಹುಭಾಗಕ್ಕೂ ಹೋಗುತ್ತಿದ್ದುದನ್ನು ಬರೆದಿದ್ದಾನೆ. ಕತಾನಿಯದ ಬಿಷಪ್ಪನಿಗೆ ಆ ಹಿಮದ ಮಾರಾಟದಿಂದ ದೊಡ್ಡ ಆದಾಯವಿದ್ದಿತು. ದವಸದ ಕ್ಷಾಮವನ್ನಾಗಲಿ ದ್ರಾಕ್ಷಾರಸದ ಕ್ಷಾಮವನ್ನಾಗಲಿ ಸಹಿಸಬಹುದು, ಹಿಮದ ಕ್ಷಾಮವನ್ನು ಸಹಿಸಲಾಗದೆಂದು ಅಲ್ಲಿನವರು ಹೇಳುತ್ತಿದ್ದರಂತೆ. ಹೇಳಿದವರು ಉಂಡು ತೇಗಿದವರೇ ಇರಬೇಕು. ಬೆಂಕಿಯ ಬೆಟ್ಟದ ನೆತ್ತಿಯ ಹಿಮವನ್ನು ಗುಳಿಗಳಲ್ಲಿ ತುಳಿದು ಗಟ್ಟಿಮಾಡಿ, ಹುಲ್ಲು ಸೊಪ್ಪುಗಳನ್ನೂ ಬೂದಿಯನ್ನೂ ಹೊದಿಸಿ ಕಾಪಿಟ್ಟು, ಬೇಸಗೆಯ ರಾತ್ರಿಗಳಲ್ಲಿ ಹೇಸರಗತ್ತೆಗಳ ಮೇಲೆ ಕೆಳಕ್ಕೆ ಇಳಿಸಿ, ಬೆಳಕಾಗುವುದರೊಳಗೆ ಕರಗದಂತೆ ಊರಿಗೆ ಮುಟ್ಟಿಸುತ್ತಿದ್ದ ಕೂಲಿಗಳು ಏನು ಹೇಳುತ್ತಿದ್ದರೆಂಬುದನ್ನು ಯಾವ ಯಾತ್ರಿಕನೂ ಕೇಳಿ ಬರೆದಂತಿಲ್ಲ. ಅಡುಗೆಯ ಪುಸ್ತಕಗಳಲ್ಲಿ ಹಿಮವು ಎಷ್ಟು ಬೇಕೆಂದಿರುವುದು. ಅದನ್ನು ಹೊತ್ತು ತಂದವನಿಗೆ ಕೊಟ್ಟ ಕೂಲಿ ಎಷ್ಟೆಂದಿರುವುದಿಲ್ಲ.

ಇಂಥ ಸಾಮಾನ್ಯರ ಬೆವರಿನಿಂದಲೂ ಪಾಕಶಾಲೆಯ ಸೇವಕರ ಕೈಚಳಕದಿಂದಲೂ ಬೆಳೆದ ವಸ್ತುವಿಗೆ ರಾಜಕುಲದ ಹುಟ್ಟನ್ನು ಕಲ್ಪಿಸಿದುದು ಮುಂದಿನವರ ಕೆಲಸ. ಫ್ಲಾರೆನ್ಸಿನ ಕ್ಯಾಥರೀನ್ ದೆ ಮೆದೀಚಿಯು ೧೫೩೩ರಲ್ಲಿ ತನ್ನ ಹದಿನಾಲ್ಕನೆಯ ವಯಸ್ಸಿನಲ್ಲಿ ಫ್ರಾನ್ಸಿನ ರಾಜಕುಮಾರನನ್ನು ವರಿಸಿ ಹೋದಾಗ ಹಿಮಭಕ್ಷ್ಯದ ಬಾಣಸಿಗರನ್ನು ಜೊತೆಯಲ್ಲಿ ಕರೆದೊಯ್ದಳೆಂಬ ಕಥೆಯು ಲೆಕ್ಕವಿಲ್ಲದಷ್ಟು ಪುಸ್ತಕಗಳಲ್ಲಿದೆ. ಅವಳ ಕಾಲದ ಯಾವ ಬರಹವೂ ಇದನ್ನು ಹೇಳುವುದಿಲ್ಲ. ಕಥೆಯು ಹಬ್ಬಿದುದು ಹತ್ತೊಂಬತ್ತನೆಯ ಶತಮಾನದಲ್ಲಿ. ದೆಲ್ಲ ಪೋರ್ತನು ಮದ್ಯವನ್ನು ಹೆಪ್ಪುಗಟ್ಟಿಸುವ ಬಗೆಯನ್ನು ಹೇಳಿದ ಗ್ರಂಥವು ಹೊರಬಂದ ೧೫೮೯ರಲ್ಲಿಯೇ, ಜನವರಿಯ ಆರಂಭದಲ್ಲಿ, ಆ ರಾಣಿಯು ಎಪ್ಪತ್ತು ವರ್ಷಗಳ ಹತ್ತಿರದ ಮುಪ್ಪಿನಲ್ಲಿ ತೀರಿಕೊಂಡಳೆಂಬುದನ್ನು ನೆನೆದರೆ ಕಥೆಯ ಹುರುಳು ತಿಳಿಯುತ್ತದೆ. ೧೨೯೫ರಲ್ಲಿ ವೆನಿಸಿಗೆ ಹಿಂದಿರುಗಿದ ಮಾರ್ಕೊ ಪೋಲೋ ಚೀನದಿಂದ ಈ ವಿದ್ಯೆಯನ್ನು ತಂದನೆಂಬ ಮಾತೂ ಅಂಥದೇ. ತಾತಾರರು ಹಾಲನ್ನು ಒಣಗಿಸಿ ದಂಡಯಾತ್ರೆಗೆ ಒಯ್ಯುವುದನ್ನು ಅವನ ಗ್ರಂಥವು ಹೇಳುತ್ತದೆ. ಹಿಮಭಕ್ಷ್ಯದ ಮಾತನ್ನು ಎತ್ತುವುದಿಲ್ಲ. ಸಿಸಿಲಿಯವನಾದ ಫ್ರಾಂಚೆಸ್ಕೊ ಪ್ರೊಕೊಪಿಯೊ ೧೬೮೬ರಲ್ಲಿ ಪ್ಯಾರಿಸಿನಲ್ಲಿ ಕಾಫಿಯ ಮಂದಿರವನ್ನು ತೆರೆದುದು ಮಾತ್ರ ನಿಜ. ಮೂರು ವರ್ಷಗಳ ತರುವಾಯ ಫ್ರೆಂಚ್ ನಾಟಕಶಾಲೆಯು ಅದರ ಎದುರಿಗೇ ಬಂದು ನೆಲೆಸಿತು. ನಾಟಕದ ಪ್ರೇಕ್ಷಕರು ಅವನ ಗಿರಾಕಿಗಳಾದರು.

ಫ್ರಾನ್ಸಿನಲ್ಲಿ ಆ ಪದವು ಸೋರ್ಬೆ ಎಂದು ಮೊಟಕಾಯಿತು. ಕೊನೆಯ ತಕಾರವು ಬರಹದಲ್ಲಿ ಉಳಿದು ಬಾಯಲ್ಲಿ ಲೋಪವಾಯಿತು. ಇಂಗ್ಲೆಂಡಿಗೆ ಅದು ಎರಡು ಬಾಗಿಲಿನಿಂದ ಹೋಯಿತು. ಪೂರ್ವದೇಶದ ವರ್ತಕರೂ ಯಾತ್ರಿಕರೂ ತಂದ ಷರ್ಬೆಟ್ ಎಂಬುದು ಬಹುಕಾಲ ಪಾನೀಯವಾಗಿಯೇ ಇದ್ದು, ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಲಂಡನಿನ ಕಾಫಿ ಅಂಗಡಿಗಳಲ್ಲಿ ಮಾರಾಟವಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಅದೇ ಹೆಸರಿನಿಂದ ಸೋಡಾ, ಹುಳಿ ಆಮ್ಲ, ಸಕ್ಕರೆಗಳ ಬುರುಗುಪುಡಿಯೊಂದು ಹುಟ್ಟಿ, ಮಕ್ಕಳು ಬೆರಳಿನಲ್ಲಿ ಅದ್ದಿ ನೆಕ್ಕುವ ತಿನಿಸಾಯಿತು. ಅಮೆರಿಕದಲ್ಲಿ ಆ ಹೆಸರು ನೂರಕ್ಕೆ ಒಂದೆರಡು ಪಾಲು ಹಾಲಿನ ಕೊಬ್ಬಿರುವ ಹಿಮಭಕ್ಷ್ಯಕ್ಕೆ ಕಾಯಿದೆಯಿಂದಲೇ ನಿಗದಿಯಾಗಿದೆ. ಇಟಲಿ ಮತ್ತು ಫ್ರಾನ್ಸುಗಳ ದಾರಿಯಿಂದ ಬಂದ ರೂಪಕ್ಕೆ ಹಾಲಿಲ್ಲದ ಹಣ್ಣಿನ ಹಿಮವೆಂಬ ಅರ್ಥವು ನಿಂತಿತು. ಒಂದು ತಾಯಿಯ ಮಕ್ಕಳಲ್ಲಿ ಒಬ್ಬನು ನೀರಾಗಿ, ಒಬ್ಬನು ಪುಡಿಯಾಗಿ, ಒಬ್ಬನು ಗಡ್ಡೆಯಾಗಿ, ವೈದ್ಯನ ಮನೆಗೆ ಹೋದ ಹಿರಿಯವನು ಪಾಕವಾಗಿ ಬಾಳುತ್ತಿದ್ದಾರೆ.

ಕನ್ನಡ ನಾಡಿಗೆ ಬಂದ ಶಾಖೆಯು ಇವೆಲ್ಲಕ್ಕಿಂತಲೂ ಮೂಲಕ್ಕೆ ಹತ್ತಿರವಾದುದು. ಬಹಮನಿ, ಆದಿಲಶಾಹಿ ಅರಸರ ಆಳಿಕೆಯ ಕಾಲದಿಂದ ಪಾರಸಿಯು ದಖ್ಖಣದ ದಫ್ತರಗಳಲ್ಲಿಯೂ ದರ್ಬಾರುಗಳಲ್ಲಿಯೂ ನೆಲೆಸಿದ್ದರಿಂದ ಅದರ ಪದಗಳು ಅಡುಗೆಯ ಮನೆಯ ವರೆಗೂ ನುಗ್ಗಿದವು. ಹಿಮ ಬೀಳದ ಈ ನಾಡಿನಲ್ಲಿ ಶರಬತ್ತು ಗಟ್ಟಿಯಾಗುವ ಸಂದರ್ಭವೇ ಒದಗಲಿಲ್ಲ; ಪಾನಕದ ಮಗ್ಗುಲಲ್ಲಿ ಪಾನಕದಂತೆಯೇ ಅದು ನೀರಾಗಿ ಉಳಿಯಿತು. ಈಗ ಬೆಂಗಳೂರಿನ ಹಿಮಭಕ್ಷ್ಯದ ಅಂಗಡಿಗಳಲ್ಲಿ ಮಾವಿನ ಸೋರ್ಬೆ ಎಂದು ಫಲಕ ಹಾಕಿರುವುದನ್ನು ಕಾಣಬಹುದು. ಅದೇ ಬೀದಿಯ ಹಣ್ಣಿನ ರಸದ ಅಂಗಡಿಯಲ್ಲಿ ನಿಂಬೆಯ ಶರಬತ್ತು ಸಿಕ್ಕುತ್ತದೆ.

ಈ ಮರಳಿ ಭೇಟಿಯು ಇನ್ನೂ ವಿಚಿತ್ರವಾಗಿ ನಡೆದಿರುವುದು ತುರ್ಕಿಯಲ್ಲಿ. ಅಲ್ಲಿ ಶೆರ್ಬೆತ್ ಎಂಬುದು ಇಂದಿಗೂ ಪಾನೀಯವೇ. ಬಾಣಂತಿಯ ಮನೆಗೆ ಬಂದವರಿಗೆ ಮಸಾಲೆಯ ಕೆಂಪು ಶೆರ್ಬೆತ್ತನ್ನು ಕೊಡುವ ವಾಡಿಕೆ ಉಂಟು. ಅದೇ ದೇಶದ ಉಪಾಹಾರಮಂದಿರಗಳಲ್ಲಿ ಹಣ್ಣಿನ ಹಿಮಭಕ್ಷ್ಯವನ್ನು ಬೇಡಿದರೆ ತರುವವನು ಅದನ್ನು ಸೊರ್ಬೆ ಎನ್ನುತ್ತಾನೆ. ಆ ಪದವನ್ನು ತುರ್ಕರು ಫ್ರೆಂಚರಿಂದ ಪಡೆದರು. ಫ್ರೆಂಚರು ಇಟಲಿಯವರಿಂದ ಪಡೆದಿದ್ದರು. ಇಟಲಿಯವರು ನಾಲ್ಕುನೂರು ವರ್ಷಗಳಿಗೂ ಹಿಂದೆ ತುರ್ಕರಿಂದಲೇ ಪಡೆದಿದ್ದರು. ತುರ್ಕಿಯ ನಿಘಂಟುಗಳಲ್ಲಿ ಎರಡೂ ಇವೆ, ಶಕಾರದಲ್ಲಿ ಒಂದು, ಸಕಾರದಲ್ಲಿ ಒಂದು, ಬೇರೆಬೇರೆ ಪುಟಗಳಲ್ಲಿ.